ನೀವು ಉಣ್ಣೂದ ಕೊಡ್ರಿ

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಬ್ಯಾಡಗಿಯ ದಾರಿ ಹಿಡಿದರೆ ಊರು ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಸಿಗುತ್ತದೆ. ಕಾರಿನ ಗಾಜು ಇಳಿಸಿದ್ದೇ ತಡ, ಡ್ರೈವರ್ ಸೀನಿದ, ನಾನು ಸೀನಿದೆ, ಹಿಂದಿನ ಸೀಟಿನಲ್ಲಿದ್ದ ಗೆಳೆಯನಿಗಂತೂ ಸೀನು ನಿಲ್ಲಲೇ ಇಲ್ಲ. ಅವನು ಹುಟ್ಟಾ ಗದಗಿನವನು. ಆದರೆ ಬೆಂಗಳೂರಿನ ನೀರು ಕುಡಿಯಲು ಶುರು ಮಾಡಿ ಬಹಳ ಕಾಲವಾಗಿದೆ. ಎದುರಿನಿಂದ ಬಂದ ಸೈಕಲ್ ಸವಾರ ಮಾತ್ರ ಏನೋ ಹಾಡು ಗುನುಗುತ್ತ ಆರಾಮಾಗಿ ಹೋದ. ಈ ಊರಲ್ಲಿ ಹೊರಗಿನವರನ್ನು ಗುರುತಿಸಲು ಬೇರೆ ಪರೀಕ್ಷೆ ಬೇಕಿಲ್ಲ.

ನಾನು ಖಾರದ ಬಾಯಿಯವನು. ಮನೆಯಲ್ಲಿ ಅದಕ್ಕೇನೂ ತೊಂದರೆಯಿಲ್ಲ. ತೊಂದರೆ ಇರುವುದು ಹೋಟೆಲಿನಲ್ಲಿ. ಮೆನುವಿನಲ್ಲಿ ಮೂರು ಮೆಣಸಿನಕಾಯಿಯ ಚಿತ್ರ ಹಾಕಿದ ಪದಾರ್ಥ ತರಿಸಿದರೆ ಟೊಮೆಟೊ ಸಿಹಿಯ ಕೆಂಪು ಗ್ರೇವಿ ಬರುತ್ತದೆ. ‘ಇನ್ನೂ ಖಾರ ಮಾಡಿ’ ಎಂದರೆ ಅದರ ಮೇಲೆ ಖಾರದಪುಡಿ ಉದುರಿಸಿ ತರುತ್ತಾರೆ. ಬೇಯದ ಪುಡಿ ಗಂಟಲಿಗೆ ಅಂಟುತ್ತದೆಯೇ ಹೊರತು ನಾಲಿಗೆಗೆ ಹತ್ತುವುದಿಲ್ಲ. ‘ವೆಜ್ ಕೊಲ್ಹಾಪುರಿ’ ಎಂಬ ಹೆಸರಿನಲ್ಲಿ ನಮ್ಮ ಬೆಂಗಳೂರಿನಲ್ಲಿ ನಡೆಯುವುದನ್ನು ನೋಡಿದರೆ ಆ ಊರಿನವರು ಏನೆಂದಾರು ಎಂಬ ಕುತೂಹಲವೇ ಈ ಪ್ರಯಾಣಕ್ಕೆ ಮೂಲ. ನಕಾಶೆ ಬಿಡಿಸಿದರೆ ಬ್ಯಾಡಗಿಯ ತಿರುವು, ಹುಬ್ಬಳ್ಳಿ, ಧಾರವಾಡ, ಸಂಕೇಶ್ವರ, ಕೊಲ್ಹಾಪುರ ಎಲ್ಲವೂ ಬೆಂಗಳೂರು–ಪುಣೆಯ ಒಂದೇ ಹೆದ್ದಾರಿಯ ಮೇಲಿವೆ. ಖಾರಕ್ಕೆ ಹೆಸರಾದ ಇಷ್ಟೊಂದು ಊರುಗಳು ಒಂದೇ ದಾರಿಯಲ್ಲಿ ಸಿಗುವಾಗ ಮನೆಯಲ್ಲಿ ಕೂತು ಮೆನು ಬೈಯುವುದರಲ್ಲಿ ಅರ್ಥವಿರಲಿಲ್ಲ.

ಬ್ಯಾಡಗಿಯ ಮಾರುಕಟ್ಟೆ ಅಂಗಳಕ್ಕೆ ಕಾಲಿಟ್ಟಾಗ ಮಾತು ನಿಂತಿತು. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ನೋಡಿದ್ದೆ, ಹೊಲದ ಬದುವಿನ ರಾಶಿಯನ್ನೂ ನೋಡಿದ್ದೆ. ಇಲ್ಲಿ ಮಾತ್ರ ಕೆಂಪಿಗೆ ಕೊನೆಯೇ ಇಲ್ಲ. ಚೀಲದ ಮೇಲೆ ಚೀಲ, ನಡುವೆ ಒಬ್ಬರು ನುಸುಳುವಷ್ಟು ಸಂದು, ಹರಿದ ಚೀಲದ ಬಾಯಿಂದ ಹೊರಗೆ ಚೆಲ್ಲಿದ ಕಾಯಿ, ಅದನ್ನು ತುಳಿಯದಂತೆ ತುದಿಗಾಲಲ್ಲಿ ನಡೆಯುವ ಹಮಾಲರು. ಸೋಮವಾರ ಮತ್ತು ಗುರುವಾರ ಇಲ್ಲಿ ವಹಿವಾಟು. ಸುಗ್ಗಿಯ ತಿಂಗಳುಗಳಲ್ಲಿ ಒಂದೊಂದು ದಿನ ಬರುವ ಚೀಲಗಳ ಲೆಕ್ಕ ಲಕ್ಷ ದಾಟುತ್ತದೆ. ಹಾವೇರಿಯ ಹೊಲಗಳಷ್ಟೇ ಇಷ್ಟನ್ನು ತುಂಬಲಾರವು. ಗದಗ, ರಾಯಚೂರು, ಬಳ್ಳಾರಿಯಿಂದ, ಆಂಧ್ರದ ಗಡಿಯಾಚೆಯಿಂದಲೂ ಲಾರಿಗಳು ಬರುತ್ತವೆ. ರೈತರು ರಾತ್ರಿಯೇ ಬಂದು ತಮ್ಮ ಚೀಲಗಳ ಮೇಲೆ ಮಲಗಿರುತ್ತಾರೆ. ಬೆಲೆಯ ಮೇಲೆ ಅವರ ಇಡೀ ವರ್ಷ ನಿಂತಿದೆ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಸಿಟ್ಟಿಗೆದ್ದವರು ಇದೇ ಅಂಗಳದಲ್ಲಿ ವಾಹನಗಳಿಗೆ ಬೆಂಕಿ ಇಟ್ಟಿದ್ದರು.

ಒಂದು ಬದಿಯಲ್ಲಿ ಹೆಣ್ಣುಮಕ್ಕಳು ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ತೊಟ್ಟು ಬಿಡಿಸುತ್ತಿದ್ದರು. ಕೈ ಉರಿಯುವುದಿಲ್ಲವೇ ಎಂದು ಕೇಳಿದೆ. ‘ಉರೀಲಿಕ್ಕೆ ಏನೈತ್ರಿ, ರೂಢಿ ಆಗೇತಿ’ ಎಂದು ಒಬ್ಬಾಕೆ ನಕ್ಕು, ಕೈಯಲ್ಲಿದ್ದ ಕಾಯಿಯನ್ನೇ ನನ್ನ ಮುಂದೆ ಹಿಡಿದಳು. ಉದ್ದ, ಸಣ್ಣ, ಮೈತುಂಬ ಸುಕ್ಕು: ಕಡ್ಡಿ. ಪಕ್ಕದ ರಾಶಿಯಲ್ಲಿದ್ದ ಗಿಡ್ಡ, ದಪ್ಪ ಕಾಯಿ ಡಬ್ಬಿ. ಕಡ್ಡಿಯ ತುದಿ ಮುರಿದು ಬಾಯಿಗೆ ಹಾಕಿ ಅಗಿದು, ಉರಿ ಬರಲೆಂದು ಕಾದೆ. ಬಂದದ್ದು ಘಮ. ಅದರ ಹಿಂದೆ ಸಣ್ಣ ಸಿಹಿ. ಕೊನೆಗೆ ನಾಲಿಗೆಯ ಅಂಚಿನಲ್ಲಿ ತುಸು ಬಿಸುಪು, ಅಷ್ಟೇ. ಇಷ್ಟೊಂದು ಕೆಂಪು, ಒಳಗೆ ಬೆಂಕಿಯೇ ಇಲ್ಲ!

‘ಇದು ಬಣ್ಣದ ಕಾಯಿ ರೀ, ಖಾರದ್ದಲ್ಲ’ ಎಂದರು ಪಕ್ಕದಲ್ಲಿದ್ದ ವ್ಯಾಪಾರಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಾಯಿಯ ಖ್ಯಾತಿಯೆಲ್ಲ ಬಣ್ಣದ್ದು. ಇದರಿಂದ ತೆಗೆದ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ತಿಂಡಿ ಕಾರ್ಖಾನೆಗಳಿಗೆ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಉಗುರುಬಣ್ಣಕ್ಕೂ ಹೋಗುತ್ತದೆ. ಕುಂದಾಪುರದ ಘೀ ರೋಸ್ಟ್ ಅಷ್ಟು ಕೆಂಪಗೆ ಹೊಳೆಯುವುದೂ ಇದರಿಂದಲೇ. ನಮ್ಮ ಮನೆಗಳಲ್ಲಿ ಸಾರಿನಪುಡಿಗೆ ಬ್ಯಾಡಗಿಯ ಜೊತೆ ಗುಂಟೂರು ಬೆರೆಸುವ ಲೆಕ್ಕ ಅಜ್ಜಿಯಂದಿರಿಗೆ ಎಂದೋ ಗೊತ್ತಿತ್ತು: ಒಂದು ಬಣ್ಣಕ್ಕೆ, ಇನ್ನೊಂದು ಬಾಯಿಗೆ. ಕೆಂಪು ಕೊಡುವ ಕ್ಯಾಪ್ಸಾಂಥಿನ್ ಬೇರೆ, ಉರಿ ಕೊಡುವ ಕ್ಯಾಪ್ಸೈಸಿನ್ ಬೇರೆ. ಉರಿ ತಯಾರಾಗುವುದು ಬೀಜದಲ್ಲೂ ಅಲ್ಲ, ಸಿಪ್ಪೆಯಲ್ಲೂ ಅಲ್ಲ; ಬೀಜಗಳನ್ನು ಹಿಡಿದಿಟ್ಟುಕೊಂಡ ಬಿಳಿಯ ತಿರುಳಿನಲ್ಲಿ. ಬೆಂಗಳೂರಿನ ಕೆಂಪು ಗ್ರೇವಿಗಳು ಯಾಕೆ ಅಷ್ಟು ಸಪ್ಪೆ ಎಂಬುದು ನನಗೆ ಅಲ್ಲಿ, ರಾಶಿಗಳ ನಡುವೆ ಹೊಳೆಯಿತು. ನಾನು ಕಣ್ಣಿನಿಂದ ಖಾರ ಹುಡುಕುತ್ತಿದ್ದೆ.

ಹೊರಗೆ ಬರುವಾಗ ಗೋದಾಮಿನ ಹತ್ತಿರ ಹಕ್ಕಿಗಳು ಚೆಲ್ಲಿದ ಬೀಜ ಹೆಕ್ಕುತ್ತಿದ್ದವು. ಅವಕ್ಕೆ ಈ ಉರಿ ತಿಳಿಯುವುದೇ ಇಲ್ಲ. ಪ್ರಾಣಿಗಳು ಹಣ್ಣು ತಿಂದರೆ ಬೀಜ ಹಲ್ಲಿಗೆ ಸಿಕ್ಕಿ ಹಾಳಾಗುತ್ತದೆ. ಹಕ್ಕಿ ಇಡಿಯಾಗಿ ನುಂಗಿ ದೂರ ಒಯ್ದು ಬಿತ್ತುತ್ತದೆ. ಹಾಗಾಗಿ ಗಿಡ ಹಕ್ಕಿಯನ್ನು ಬಿಟ್ಟು ಉಳಿದವರನ್ನು ಓಡಿಸಲು ಖಾರ ಕಟ್ಟಿಕೊಂಡಿತು. ಆ ಬೆದರಿಕೆಗೆ ಸೊಪ್ಪು ಹಾಕದೆ, ಬೆದರಿಕೆಯನ್ನೇ ರುಚಿ ಮಾಡಿಕೊಂಡ ಪ್ರಾಣಿ ಮನುಷ್ಯ. ಅಮೆರಿಕ ಖಂಡದ ಈ ಗಿಡ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ತೀರಕ್ಕೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಅದಕ್ಕೂ ಮೊದಲು ಇಲ್ಲಿನವರ ಖಾರವೆಂದರೆ ಹೆಚ್ಚಾಗಿ ಸಹ್ಯಾದ್ರಿಯ ಕರಿಮೆಣಸು. ಹೊರಗಿನಿಂದ ಬಂದ ಗಿಡ ಈಗ ಹಾವೇರಿಯ ಒಂದು ತಾಲ್ಲೂಕಿನ ಹೆಸರನ್ನೇ ಹೊತ್ತು ಲೋಕ ಸುತ್ತುತ್ತಿದೆ!

ಹುಬ್ಬಳ್ಳಿ ಮುಟ್ಟುವಾಗ ಮಧ್ಯಾಹ್ನದ ಹಸಿವು. ಗೆಳೆಯ ನೇರ ಒಂದು ಸಾವಜಿ ಖಾನಾವಳಿಗೆ ಕರೆದೊಯ್ದ. ಸಾವಜಿಗಳು ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರು, ಮಗ್ಗದ ಜನ. ಹುಬ್ಬಳ್ಳಿ, ಗದಗ-ಬೆಟಗೇರಿಯ ಕಡೆ ಅವರ ಮಾಂಸದಡುಗೆಗೆ ಹೆಸರು ದೊಡ್ಡದು. ಬಾಗಿಲಿನ ಬೋರ್ಡಿನಲ್ಲಿ ಮೆಣಸಿನಕಾಯಿಯ ಚಿತ್ರವಿರಲಿಲ್ಲ. ಒಳಗೆ ಗಟ್ಟಿ ಬೆಂಚು, ಸ್ಟೀಲಿನ ತಾಟು, ಹೆಚ್ಚಿದ ಉಳ್ಳಾಗಡ್ಡಿ, ನಿಂಬೆ ಹೋಳು. ಸುತ್ತ ಕೂತವರ ಹಣೆಯ ಮೇಲೆ ಬೆವರು. ಮಾತು ಕಡಿಮೆ, ಮೂಗೆಳೆಯುವ ಸದ್ದು ಜಾಸ್ತಿ.

ಬಡಿಸುವ ಹುಡುಗ ನನ್ನ ಮುಖ ನೋಡಿಯೇ ಕೇಳಿದ. ‘ಯಾವೂರ್ರೀ?’

‘ಬೆಂಗಳೂರು.’

‘ಹಂಗಾರ ಸ್ವಲ್ಪ ಸಪ್ಪಕ ತರ್ಲೇನ್ರಿ?’

ನಾನು ‘ಇಲ್ಲ, ಎಕ್ಸ್‌ಟ್ರಾ ಖಾರ’ ಎನ್ನುವಷ್ಟರಲ್ಲಿ ಗೆಳೆಯ ನನ್ನ ಕೈ ಅದುಮಿದ. ‘ಹಂಗ ಕೇಳಬ್ಯಾಡ. ಮ್ಯಾಲ ಪುಡಿ ಉದುರಿಸಿ ತರ್ತಾನ.’ ಆಮೇಲೆ ಹುಡುಗನ ಕಡೆ ತಿರುಗಿ ಒಂದೇ ಮಾತು ಹೇಳಿದ: ‘ನೀವು ಉಣ್ಣೂದ ಕೊಡ್ರಿ.’

ಹುಡುಗನ ಮುಖ ಬದಲಾಯಿತು. ಅಡುಗೆಮನೆಯ ಬಾಗಿಲು ನಮ್ಮ ಬೆಂಚಿಗೆ ಎದುರೇ ಇತ್ತು. ಅವನು ಮಾಡಿದ್ದನ್ನೆಲ್ಲ ನೋಡಿದೆ. ದೊಡ್ಡ ಪಾತ್ರೆ ಒಂದೇ. ಅದರ ಮೇಲೆ ಬೆರಳ ದಪ್ಪ ಕೆಂಪೆಣ್ಣೆ ತೇಲುತ್ತಿತ್ತು. ಹಿಂದಿನ ಮೇಜಿನಲ್ಲಿದ್ದ ಪ್ರವಾಸಿ ಕುಟುಂಬಕ್ಕೆ ಬಡಿಸುವಾಗ ಅವನು ಸೌಟಿನ ಬೆನ್ನಿನಿಂದ ಎಣ್ಣೆಯನ್ನು ಆಚೆ ಸರಿಸಿ ತಳದಿಂದ ಎತ್ತಿದ್ದ. ನಮಗೆ ಸೌಟು ಆಳಕ್ಕೆ ಇಳಿಯಲೇ ಇಲ್ಲ. ತೇಲುತ್ತಿದ್ದುದನ್ನೇ ಬಳಸಿ ಬಟ್ಟಲು ತುಂಬಿದ.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಸಾರಿನ ಖಾರವೆಲ್ಲ ಎಣ್ಣೆಯ ಜೊತೆ ಮೇಲೆ ಬಂದು ನಿಲ್ಲುತ್ತದೆ. ಒಂದೇ ಪಾತ್ರೆಯಲ್ಲಿ ಎರಡು ಊಟ! ಮೇಲಿನದು ಊರಿನವರಿಗೆ, ಕೆಳಗಿನದು ನೆಂಟರಿಗೆ. ಯಾರಿಗೆ ಯಾವುದು ಎಂದು ತೀರ್ಮಾನಿಸುವುದು ಬಡಿಸುವವನ ಮಣಿಕಟ್ಟು. ಮೆನುವಿನ ಮೆಣಸಿನಕಾಯಿ ಚಿತ್ರಗಳಿಗೂ ಈ ತೀರ್ಮಾನಕ್ಕೂ ಸಂಬಂಧವಿಲ್ಲ.

ಮೊದಲ ತುತ್ತಿಗೆ ಬೆಳ್ಳುಳ್ಳಿ, ಲವಂಗ, ಹುರಿದ ಮಸಾಲೆಯ ಕಪ್ಪು ಘಮ ಸಿಕ್ಕಿತು. ಎರಡನೆಯದಕ್ಕೆ ನಾಲಿಗೆ ಚುರ್ ಎಂದಿತು. ಖೀಮಾ ಉಂಡಿ ಮುರಿದು ರಸಕ್ಕೆ ಅದ್ದಿ ತಿನ್ನುವ ಹೊತ್ತಿಗೆ ಕಿವಿಯ ಹಿಂದೆ ಬಿಸಿ, ನೆತ್ತಿಯಲ್ಲಿ ಬೆವರು, ಕಣ್ಣಲ್ಲಿ ನೀರು. ಬಾಯಿ ಸುಡುತ್ತಿದೆ ಎಂದು ಮಿದುಳು ಕೂಗುತ್ತಿತ್ತು, ಬಾಯಿ ಸುಡುತ್ತಿರಲಿಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಎಚ್ಚರ ಕೊಡುವ ಗ್ರಾಹಕವೊಂದು ನಮ್ಮ ನರಗಳಲ್ಲಿದೆ. ಕ್ಯಾಪ್ಸೈಸಿನ್ ಅದೇ ಬಾಗಿಲು ತೆರೆಯುತ್ತದೆ. ಕಳ್ಳನಿಲ್ಲದ ಮನೆಯಲ್ಲಿ ನಾಯಿ ಬೊಗಳಿದಂತೆ, ಬೆಂಕಿಯಿಲ್ಲದ ಬಾಯಲ್ಲಿ ಬೆಂಕಿಯ ಗದ್ದಲ. ಡೇವಿಡ್ ಜೂಲಿಯಸ್ ತಂಡ ಈ ಗ್ರಾಹಕವನ್ನು 1997ರಲ್ಲಿ ಗುರುತಿಸಿತು. ಮೆಣಸಿನಕಾಯಿಯ ಬೆನ್ನು ಹತ್ತಿದ ಆ ಕೆಲಸಕ್ಕೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಬಿಸಿಗೂ ಖಾರಕ್ಕೂ ಬಾಗಿಲು ಒಂದೇ ಆದ್ದರಿಂದ ಹೊಗೆಯಾಡುವ ರಸ ಆರಿದ ರಸಕ್ಕಿಂತ ಹೆಚ್ಚು ಉರಿಯುತ್ತದೆ. ಆ ಬಾಗಿಲನ್ನು ದಿನವೂ ತಟ್ಟುತ್ತಿದ್ದರೆ ಅದು ನಿಧಾನಕ್ಕೆ ಮಂಕಾಗುತ್ತದೆ. ಬ್ಯಾಡಗಿಯ ಆ ತಾಯಿ ‘ರೂಢಿ’ ಎಂದದ್ದು ಇದನ್ನೇ.

ಖಾರವನ್ನು ಅಂಕಿಗಳಲ್ಲಿ ಅಳೆಯುವ ಹುಚ್ಚು ನನಗೂ ಇತ್ತು. 1912ರಲ್ಲಿ ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತ ಹೋಗಿ, ರುಚಿ ನೋಡುವವರ ನಾಲಿಗೆಗೆ ಖಾರ ಹತ್ತದಿರುವ ಹಂತವನ್ನು ಎಣಿಸಿದ. ಆ ಲೆಕ್ಕದಲ್ಲಿ 2007ರಲ್ಲಿ ನಮ್ಮ ಈಶಾನ್ಯದ ಭೂತ ಜೊಲೋಕಿಯಾ ಹತ್ತು ಲಕ್ಷ ದಾಟಿ ಗಿನ್ನೆಸ್ ಸೇರಿತು. 2023ರಲ್ಲಿ ಪೆಪ್ಪರ್ ಎಕ್ಸ್ ಎಂಬ ತಳಿ 26 ಲಕ್ಷ 93 ಸಾವಿರಕ್ಕೆ ಏರಿತು. ಪೆಪ್ಪರ್ ಎಕ್ಸ್ ಕಚ್ಚಿದವರು ವಿಡಿಯೊ ಮಾಡುತ್ತಾರೆ, ನೆಲಕ್ಕೆ ಬಿದ್ದು ಹೊರಳುತ್ತಾರೆ. ಅದರ ಜೊತೆ ಅನ್ನ ಕಲಸಿಕೊಂಡು ಊಟ ಮುಗಿಸಿದವರನ್ನು ನಾನು ಕಂಡಿಲ್ಲ. ಹುಬ್ಬಳ್ಳಿಯ ಆ ಬೆಂಚಿನಲ್ಲಿ ಪಕ್ಕದವರು ಬೆವರೊರೆಸಿಕೊಂಡು ಮತ್ತೆ ಅನ್ನ ಹಾಕಿಸಿಕೊಳ್ಳುತ್ತಿದ್ದರು. ಮತ್ತೆ ಹಾಕಿಸಿಕೊಳ್ಳಬೇಕು ಅನ್ನಿಸುವಷ್ಟು ಉರಿಯೇ ಊಟದ ಖಾರ. ಸ್ಕೋವಿಲ್ಲನ ಕೋಷ್ಟಕದಲ್ಲಿ ಅದಕ್ಕೆ ಅಂಕಿಯಿಲ್ಲ.

ಧಾರವಾಡದಲ್ಲಿ ರಾತ್ರಿ ಲಿಂಗಾಯತ ಖಾನಾವಳಿ. ಇಲ್ಲಿ ಖಾರ ಪಾತ್ರೆಯಲ್ಲಿ ಬಚ್ಚಿಟ್ಟುಕೊಳ್ಳುವುದಿಲ್ಲ, ತಾಟಿನ ಅಂಚಿನಲ್ಲಿ ಸಾಲಾಗಿ ಬಂದು ಕೂರುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಹಸಿಖಾರ, ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಉಪ್ಪು, ಮೆಂತ್ಯದ ಜೊತೆ ಅರೆದ ರಂಜಕ. ರಂಜಕ ನಾಲಿಗೆಗೆ ತಾಗಿದ ಕ್ಷಣ ಹುಬ್ಬಳ್ಳಿಯ ನೆನಪೇ ಹಾರಿಹೋಯಿತು. ಆದರೆ ತಾಟಿನ ಉಳಿದ ಭಾಗ ಬೆರಗಿನದು. ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಮೂಲಂಗಿ, ಗಟ್ಟಿ ಮೊಸರು, ಬಡಿದ ಜೋಳದ ರೊಟ್ಟಿ. ಹಿಂಡಿಯ ನಡುವೆ ಗುಳಿ ಮಾಡಿ ಮೊಸರು ಹಾಕಿಕೊಳ್ಳುವ ಕಲೆಯನ್ನು ಗೆಳೆಯನಿಂದ ಕಲಿತೆ. ಬಿಸಿಲ ನಾಡಿನ ಬಡ ಬೆಳೆಗಳಾದ ಜೋಳ, ಅಗಸೆ, ಗುರೆಳ್ಳು, ಶೇಂಗಾ ಇಷ್ಟರಲ್ಲೇ ಒಂದು ತಾಟು ಇಷ್ಟು ಮಾತಾಡುತ್ತದಲ್ಲ! ಖಾರ ಎಷ್ಟು ಬೇಕೆಂಬ ತೀರ್ಮಾನ ಇಲ್ಲಿ ಉಣ್ಣುವವನ ಬೆರಳಿನದು. ಬಡಿಸುವ ಅಜ್ಜಿ ನಮ್ಮನ್ನು ಊರು ಕೇಳಲಿಲ್ಲ, ರಂಜಕ ಎಷ್ಟು ಬೇಗ ಖಾಲಿಯಾಯಿತು ಎಂಬುದನ್ನಷ್ಟೇ ನೋಡಿದರು. ಎರಡನೆಯ ಸಲ ಬಂದಾಗ ದೊಡ್ಡ ಚಮಚ ತಂದಿದ್ದರು.

ಬೆಳಗಾವಿಯಲ್ಲಿ ಕುಂದಾ ತಿಂದು ಬಾಯಿಗೆ ರಜೆ ಕೊಟ್ಟೆವು. ಅಲ್ಲಿಂದ ಮುಂದೆ ಹೆದ್ದಾರಿಯ ಪಕ್ಕದ ಸಂಕೇಶ್ವರ ಹುಕ್ಕೇರಿ ತಾಲ್ಲೂಕಿನ ಊರು. ಕೊಲ್ಹಾಪುರದ ಮಸಾಲೆ ಕುಟ್ಟುವವರು ಹೆಸರು ಹಿಡಿದು ಕೇಳುವ ಸಂಕೇಶ್ವರಿ ಮೆಣಸಿನಕಾಯಿ ಈ ಮಣ್ಣಿನದು. ಮರಾಠಿ ಅಡುಗೆಯ ಹೆಮ್ಮೆ ಎನ್ನಿಸಿಕೊಂಡ ಉರಿಯ ಬೇರು ಕನ್ನಡದ ಹೊಲದಲ್ಲಿ! ಅಂಗಡಿಯವರು ಒಂದು ಹಿಡಿ ಕಾಯಿ ತೋರಿಸಿದರು: ತೆಳ್ಳಗೆ, ಉದ್ದ, ಬ್ಯಾಡಗಿಯ ಮುಂದೆ ಮಂಕಾದ ಕೆಂಪು. ತುದಿ ಕಚ್ಚಿದೆ. ಈ ಸಲ ಕಾಯುವ ಅಗತ್ಯ ಬೀಳಲಿಲ್ಲ.

ನಿಪ್ಪಾಣಿ, ಕಾಗಲ್ ದಾಟಿ ಕೊಲ್ಹಾಪುರ. ಬೆಳಗಿನ ತಿಂಡಿಗೆ ಮಿಸಳ್. ಮೊಳಕೆ ಮಡಿಕೆ ಕಾಳು, ಮೇಲೆ ಫರ್ಸಾಣ್, ಉಳ್ಳಾಗಡ್ಡಿ, ಕೊತ್ತಂಬರಿ; ಪಕ್ಕದಲ್ಲಿ ಪಾವ್ ಅಲ್ಲ, ಬ್ರೆಡ್ಡಿನ ಹೋಳುಗಳು. ರಸವನ್ನು ಇಲ್ಲಿ ‘ಕಟ್’ ಎನ್ನುತ್ತಾರೆ, ಅದರ ನೆತ್ತಿಯ ಮೇಲೆ ಮತ್ತದೇ ಕೆಂಪೆಣ್ಣೆ. ಈಗ ನನಗೆ ಎಲ್ಲಿ ನೋಡಬೇಕೆಂದು ಗೊತ್ತಿತ್ತು. ದಾರಿಯಲ್ಲಿ ಕಲಿತುಕೊಂಡ ಮರಾಠಿಯಲ್ಲಿ ‘ತುಮ್ಹೀ ಖಾತಾ ತೇಚ್ ದ್ಯಾ’ ಎಂದೆ. ಬಡಿಸುವವರು ಕಣ್ಣರಳಿಸಿ, ಗಡಿಯ ಊರಿನವರ ಸಲೀಸು ಕನ್ನಡದಲ್ಲಿ ‘ತಡ್ಕೋತೀರೇನು?’ ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಕಟ್ ತುಂಬಿದ ಬೋಗುಣಿಯನ್ನೇ ಮೇಜಿನ ಮೇಲಿಟ್ಟರು. ವೆಜ್ ಕೊಲ್ಹಾಪುರಿಯ ಬಗ್ಗೆ ಕೇಳಿದ್ದಕ್ಕೆ ಅವರು ನಕ್ಕ ನಗೆಗೆ ಪಕ್ಕದ ಮೇಜಿನವರೂ ಸೇರಿಕೊಂಡರು. ‘ಅದು ಹೋಟೆಲಿನವರು ಹುಟ್ಟಿಸಿದ ಕೂಸು. ನಮ್ಮ ಮನ್ಯಾಗ ಯಾರೂ ಮಾಡೂದಿಲ್ಲ.’

ಮಧ್ಯಾಹ್ನದ ಮಟನ್ ತಾಟಿನಲ್ಲಿ ಎರಡು ಬಟ್ಟಲು ಬಂದವು. ತಾಂಬಡಾ ರಸ್ಸಾ ಕೆಂಪು, ಪಾಂಢರಾ ರಸ್ಸಾ ಬಿಳಿ. ಕೆಂಪಿಗೆ ಈರುಳ್ಳಿ, ಬೆಳ್ಳುಳ್ಳಿ, ಒಣಕೊಬ್ಬರಿ, ಎಳ್ಳು ಸೇರಿಸಿ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕುಟ್ಟಿಟ್ಟ ಕಾಂದಾ-ಲಸೂಣ್ ಚಟ್ನಿ. ಅದಕ್ಕೆ ಉರಿ ಸಂಕೇಶ್ವರಿಯಿಂದ, ಬಣ್ಣ ಬ್ಯಾಡಗಿಯಿಂದ ಎಂದರು ಖಾನಾವಳಿಯ ಯಜಮಾನತಿ. ಹೆದ್ದಾರಿಯುದ್ದಕ್ಕೂ ಬೇರೆ ಬೇರೆಯಾಗಿ ಕಚ್ಚಿ ನೋಡಿದ ಎರಡು ಕಾಯಿಗಳು ಒಂದೇ ಬಟ್ಟಲಿನಲ್ಲಿ ಸಿಕ್ಕಿದ್ದವು. ಬಿಳಿಯದು ಮಾಂಸದ ತಿಳಿಗೆ ತೆಂಗಿನಹಾಲು ಬೆರೆಸಿದ್ದು. ಕೆಂಪಿನ ಎರಡು ಗುಟುಕು, ಬಿಳಿಯ ಒಂದು ಗುಟುಕು, ಹೀಗೆ ಊಟ ಸಾಗುತ್ತದೆ. ಮುಗಿದಷ್ಟೂ ಬಡಿಸುತ್ತಾರೆ. ನನ್ನ ಬಟ್ಟಲಿಗೆ ಮೂರನೆಯ ಸಲ ಕೆಂಪು ಬಿದ್ದಾಗ, ನಾಲಿಗೆಗೆ ಬೆಂಗಳೂರಿನಲ್ಲಿ ಎಂದೂ ಸಿಗದಿದ್ದ ಆ ಸರಿಯಾದ ಹದ ಸಿಕ್ಕಿತು. ಉರಿ ಇತ್ತು, ಉರಿಯ ಕೆಳಗೆ ಎಳ್ಳು, ಕೊಬ್ಬರಿ, ಮಾಂಸ ಎಲ್ಲವೂ ಬಿಡಿಬಿಡಿಯಾಗಿ ಕೇಳಿಸುತ್ತಿದ್ದವು.

ಸಂಜೆ ಗಂಗಾವೇಶದ ದೂಧ್ ಕಟ್ಟೆಗೆ ಹೋದೆವು. ನೋಡದೇ ಇದ್ದಿದ್ದರೆ ನಂಬುತ್ತಿರಲಿಲ್ಲ. ಪೇಟೆಯ ನಡುವೆ ಎಮ್ಮೆಗಳನ್ನು ತಂದು ಕಟ್ಟಿ, ಕೇಳಿದವರ ಎದುರೇ ಕರೆದು, ನೊರೆಹಾಲನ್ನು ಹಾಗೆಯೇ ಲೋಟಕ್ಕೆ ಕೊಡುತ್ತಾರೆ. ಶಾಹು ಮಹಾರಾಜರ ಕಾಲದಿಂದ ಕುಸ್ತಿಗೆ ಹೆಸರಾದ ಊರು. ಪೈಲ್ವಾನರಿಗೆ ಬೇಕಾದ ಹಾಲು. ನೀರು ಕುಡಿದರೆ ಖಾರ ಬಾಯಿತುಂಬ ಹರಡುತ್ತದಷ್ಟೇ. ಹಾಲಿನ ಕೇಸಿನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದು ನಾಲಿಗೆಯಿಂದ ಬಿಡಿಸುತ್ತದೆ. ಇಷ್ಟು ಖಾರ ಉಣ್ಣುವ ಊರು ಅದರ ಮದ್ದನ್ನೂ ಬೀದಿಯಲ್ಲೇ ಕಟ್ಟಿಹಾಕಿಕೊಂಡಿದೆ! ಧಾರವಾಡದ ಮೊಸರು, ತಾಟಿನ ಬಿಳಿ ರಸ್ಸಾ, ಈ ನೊರೆಹಾಲು ಮೂರನ್ನೂ ಸೇರಿಸಿ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ನಿಜವಾದ ಖಾರ ಸಿಗುವುದು ಅದನ್ನು ತಣಿಸುವುದನ್ನೂ ಕಲಿತ ಊರಿನಲ್ಲಿ. ತಣಿಸುವ ದಾರಿ ಗೊತ್ತಿಲ್ಲದ ಅಡುಗೆಯವನು ಹೆದರಿ ಸಪ್ಪೆ ಮಾಡುತ್ತಾನೆ, ಇಲ್ಲವೇ ರೇಗಿ ಪುಡಿ ಸುರಿಯುತ್ತಾನೆ.

ಹೋಟೆಲಿನಲ್ಲಿ ಖಾರ ಕೇಳುವ ರೀತಿಯನ್ನೇ ಈ ದಾರಿ ಬದಲಿಸಿತು. ‘ಜಾಸ್ತಿ’ ಎಂದು ಕೇಳಿದರೆ ಪಂಥಕ್ಕೆ ಕರೆದ ಹಾಗಾಗುತ್ತದೆ. ‘ನೀವು ಉಣ್ಣುವುದನ್ನು’ ಎಂದರೆ ಪಂಕ್ತಿಯಲ್ಲಿ ಜಾಗ ಕೇಳಿದ ಹಾಗೆ. ಆ ಮಾತಿಗೆ ಸೌಟು ಮೇಲೆ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂದಿನ ಗುರಿ ಗುಂಟೂರಿನ ಮಿರ್ಚಿ ಯಾರ್ಡು, ಅಲ್ಲಿನ ತೇಜಾ ಕಾಯಿ, ಗೋಂಗೂರ ಪಚ್ಚಡಿ. ಗೆಳೆಯ ವಾಪಸು ದಾರಿಯಲ್ಲೇ ಬಳ್ಳಾರಿಯ ಸೋದರಮಾವನಿಗೆ ಫೋನು ಮಾಡಿ, ತೆಲುಗಿನಲ್ಲಿ ಹೇಗೆ ಕೇಳಬೇಕೆಂದು ವಿಚಾರಿಸಿದ. ‘ಮೀರು ತಿನೇದೇ ಪೆಟ್ಟಂಡಿ’ ಎಂದು ಮಾವ ತಾಳ್ಮೆಯಿಂದ ಬಿಡಿಸಿ ಬಿಡಿಸಿ ಕಲಿಸಿದರು. ನಾವಿಬ್ಬರೂ ತಪ್ಪಿಲ್ಲದೆ ಒಪ್ಪಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅದ್ಸರಿ, ಜೇಬಲ್ಲಿ ಹಾಲಿನ ಪ್ಯಾಕೆಟ್ಟು ಇಟ್ಕೊಂಡು ಹೋಗ್ತೀರಿ ತಾನೆ?’